ನಡು ಮಾತ್ರ ನಡುಗಬೇಕು

ಇಪ್ಪತ್ತೊಂಬತ್ತು ವರ್ಷ ಜಾಲರಿಯ ಒಳಗೆ ನಿಂತವನು ನಾನು,
ಕುಂಬಳೆ ಪೇಟೆಯ ಬೆವರೇಜಸ್ಸಿನಲ್ಲಿ.
ಮುಖಗಳ ಪರಿಚಯ ಕಮ್ಮಿ. ಅಂಗೈ ಅಗಲದ ಆ ಕಿಂಡಿಯಲ್ಲಿ
ಬರುತ್ತಿದ್ದದ್ದು ಕೈ ಮಾತ್ರ:
ಮೀನಿನ ಹುರುಪೆ ಅಂಟಿದ್ದು,
ಕೆಂಪುಕಲ್ಲಿನ ಧೂಳು ಕುಡಿದದ್ದು,
ಮದರಂಗಿ ಮಾಸದ ಮದುಮಗನದ್ದು.
ಬೆಳಿಗ್ಗೆ ಹತ್ತಕ್ಕೆ ಎಲ್ಲವೂ ನಡುಗುತ್ತಿದ್ದವು.
ಒಂದು ತೊಟ್ಟು ನಾನು ಮುಟ್ಟಿದವನಲ್ಲ. ಜಂಭವಲ್ಲ,
ಹಲ್ವದಂಗಡಿಯವನಿಗೆ ಹಲ್ವ ಸೇರದ ಹಾಗೆ.

ಮೇಲಿನ ಹಲಗೆಯ ಮೂಲೆಯಲ್ಲೊಂದು ಕಾಫಿ ಲಿಕ್ಯೂರ್,
ಕಂದು ಬಾಟ್ಲಿ, ಮೈತುಂಬ ಧೂಳು.
ಕೇಳುವವರಿಲ್ಲ.
ಡಿಸೆಂಬರಿನಲ್ಲಿ, ವರ್ಷಕ್ಕೊಮ್ಮೆ, ಒಂದು ಕೈ:
ಸಪೂರ ಬಳೆ, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ.
ನಡುಗದ ಕೈ.
ಸಾಲಿನ ಗಂಡಸರು ಆ ಹೊತ್ತು ನೆಲ ನೋಡುತ್ತಿದ್ದರು
ಹೋಮ್‌ವರ್ಕ್ ಮಾಡದ ಮಕ್ಕಳ ಹಾಗೆ.
'ಎಂತಕ್ಕೆ ಇದು?' ಅಂತ ಒಮ್ಮೆ ಕೇಳಿಬಿಟ್ಟೆ.
'ಕೇಕಿಗೆ' ಅಂದಿತು ಕೈ.
ಮರುವರ್ಷ ನೋಟಿನ ಜೊತೆ ಚೀಟಿಯೊಂದು ಬಂತು.
ಹಳೇ ಬಿಲ್ಲಿನ ಮಲಯಾಳದ ಬೆನ್ನಿಗೆ
ಗುಂಡು ಗುಂಡು ಕನ್ನಡ, ಕೋಪಿ ಬರೆಯಲಿಕ್ಕೆ ಕೊಟ್ಟ ಹಾಗೆ.
ಅದರ ಮುಂದಿನ ಡಿಸೆಂಬರಿಗೆ
ಬಾಟ್ಲಿ ಒರೆಸಿಟ್ಟು ಕಾದೆ.
ಧೂಳು ಪುನಃ ಕೂತಿತು.

ಮೇ ಮೂವತ್ತೊಂದಕ್ಕೆ ಕೆಲಸ ಮುಗಿಯಿತು.
ಶಾಲು, ಹಾರ, ಎಲ್ಲರೂ ಸೇರಿ ಕೊಟ್ಟ ಒಂದು ಓವನ್.
ಒಂದನೇ ತಾರೀಕು ಅಂಗಡಿಗೆ ರಜೆ; ಎರಡಕ್ಕೆ ಹೋಗಿ
ಸಾಲಿನಲ್ಲಿ ನಿಂತೆ, ಮೊದಲ ಸಲ ಜಾಲರಿಯ ಹೊರಗೆ.
ಕಿಂಡಿಯೊಳಗೆ ಚಾಚಿದ ಕೈ ನನ್ನದೇ, ಗುರುತು ಹತ್ತಲಿಲ್ಲ.
ಇಷ್ಟು ಮುದುಕನದ್ದಾ ಇದು?
ಹೊಸ ಹುಡುಗ ಪೇಪರು ಸುತ್ತಿ ಕೊಟ್ಟ, ತಲೆ ಎತ್ತದೆ.
ನಾನೇ ಕಲಿಸಿದ್ದು, ತಲೆ ಎತ್ತಬೇಡ ಅಂತ.

ಬಾಟ್ಲಿ ಕಂಡು ಸುಗಂಧಿ ಹೊಸ್ತಿಲಲ್ಲೇ ಕೂತುಬಿಟ್ಟಳು.
'ಪೆನ್ಶನಿಗಿಂತ ಮೊದಲು ಇದು ಬಂತಾ!'
ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದೆ.

ಹಾಲು ಒಡೆಸಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗಬೇಕು.
ಐಸಮ್ಮನ ದನದ ಹಾಲು, ಎರಡು ಲೀಟರ್,
ಕಿಟಕಿಯ ಸರಳಿನಿಂದ ಟಪ್ ಟಪ್ ಅನ್ನುತ್ತ
ನಿದ್ದೆ ಕೊಡಲಿಲ್ಲ.
ಬೆಳಿಗ್ಗೆ ಮಾರಿ ಬಿಸ್ಕೆಟ್ಟು ಪುಡಿಯಾಯಿತು, ಬೆಣ್ಣೆ ಕುಡಿಯಿತು,
ತಳದಲ್ಲಿ ಹೊಸ ಅಂಗಳ ಪೆಟ್ಟಿಸಿದ ಹಾಗೆ ಕೂತಿತು.
ಚಾಕಲೇಟು ಬಿಸಿನೀರ ಹಬೆಯ ಮೇಲೆ ಮೊದಲು ಮೊಂಡು ಹಿಡಿದು
ಆಮೇಲೆ ಒಮ್ಮೆಲೇ ಸೋತು ಹರಿಯಿತು.
ಮೊಟ್ಟೆ ಮೂರು. ಸಕ್ಕರೆ ಕೈಹಿಡಿದು.
ಲಿಕ್ಯೂರ್ ಮೂರು ಚಮಚ.
ಲಕ್ಷ ಬಾಟ್ಲಿ ದಾಟಿಸಿದವನು
ಮೂರು ಚಮಚ ಅಳೆಯಲಿಕ್ಕೆ ಕನ್ನಡಕ ಹುಡುಕಿದೆ.

ಒಡೆದ ಬಾಟ್ಲಿಯ, ಫಿನಾಯಿಲಿನ ವಾಸನೆ ಮಾತ್ರ ಗೊತ್ತಿದ್ದ ಮೂಗಿಗೆ
ಇದೆಂತದು?
ಸುಟ್ಟ ಬೆಲ್ಲ, ಕಾಫಿ ಹುರಿದ ಕಾವಲಿ,
ಯಾರದೋ ಮನೆಯ ಹಬ್ಬದ ಹಿಂದಿನ ದಿನ.

ಚೀಟಿಯ ಕೊನೆಗೆ, ಎರಡು ಗೆರೆ ಎಳೆದು:
'ಅಂಚು ಗಟ್ಟಿ, ನಡು ಮಾತ್ರ ನಡುಗಬೇಕು.
ಆಗಲೇ ಆರಿಸಿ. ಪೂರ್ತಿ ಗಟ್ಟಿಯಾಗಲಿ ಅಂತ ಕಾಯಬೇಡಿ.
ಬಾಗಿಲು ಚೂರು ತೆರೆದು ಒಳಗೇ ಬಿಡಿ.
ತಣಿಯುತ್ತ ತಾನೇ ನಿಲ್ಲುತ್ತದೆ.'

ಓವನಿನ ಗಾಜಿನೆದುರು ಮಣೆ ಹಾಕಿ ಕೂತೆ.
ಸುಗಂಧಿ ನಡುವೆ ಎರಡು ಸಲ ಬಿಸಿನೀರಿನ ತಟ್ಟೆ ತುಂಬಿಸಿದಳು.
ನಡು ನಡುಗುತ್ತಿತ್ತು
ಬೆಳಿಗ್ಗೆ ಹತ್ತರ ಕೈಗಳ ಹಾಗೆ.
ಅವಕ್ಕೆ ನಾನು ಎಂತ ಕೊಟ್ಟೆ?
ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟೆ.
ಸ್ವಿಚ್ಚು ಆರಿಸಿ, ಬಾಗಿಲಿಗೆ
ಮರದ ಸೌಟೊಂದನ್ನು ಸಿಕ್ಕಿಸಿಟ್ಟೆ.

ಮರುದಿನ ನೋಡಿದರೆ ಮೇಲೊಂದು ಬಿರುಕು,
ಶಿರಿಯ ಹೊಳೆಯ ಹಾಗೆ ಸೊಟ್ಟ.
ಬಿರುಕಿನ ಬಗ್ಗೆ ಚೀಟಿಯಲ್ಲಿ ಏನೂ ಇರಲಿಲ್ಲ.
ಸುಗಂಧಿ ತಿಂದಳು. ತುಂಬ ಹೊತ್ತು ಮಾತಿಲ್ಲ.
'ಕಹಿ ಉಂಟು' ಅಂದಳು ಆಮೇಲೆ,
ಖಾಲಿ ತಟ್ಟೆ ಪುನಃ ಮುಂದೆ ಚಾಚಿ.
ಆ ಕೈಯಲ್ಲಿ, ಹೆಬ್ಬೆರಳ ಬುಡದಲ್ಲಿ,
ನಿನ್ನೆಯ ಓವನಿನ ಕೆಂಪು ಗೀರು.